ಹಾರ್ಡ್ ಡಿಸ್ಕಿಗೆ ರಸಮಟ್ಟ

ನನ್ನ ಹೆಂಡತಿ ಕುಸುಮಾಳ ಮೇಲೆ ನನ್ನದು ಒಂದೇ ಒಂದು ದೂರು. ಅವಳು ದೂರು ಹೇಳುವುದಿಲ್ಲ. ಬೇರೆ ಮನೆಗಳಲ್ಲಿ ನಲ್ಲಿ ಸೋರಿದರೆ ಗಂಡನ ಕಿವಿಗೆ ಮೊದಲು ನಲ್ಲಿಯ ಸುದ್ದಿ, ಆಮೇಲೆ ಅವನ ವಂಶದ ಸುದ್ದಿ ಬೀಳುತ್ತದೆ. ನಮ್ಮ ಮನೆಯಲ್ಲಿ ಹಾಗಿಲ್ಲ. ಕುಸುಮಾ ಯಾವುದನ್ನಾದರೂ ಒಂದೇ ಸಲ, ಹುರುಳಿಕಾಯಿ ನಾರು ಬಿಡಿಸುತ್ತಾ, ಹುರುಳಿಕಾಯಿಗೇ ಹೇಳಿದ ಹಾಗೆ ಹೇಳುತ್ತಾಳೆ. ಕೇಳಿಸಿಕೊಂಡರೆ ನಮ್ಮ ಪುಣ್ಯ. ಕೇಳಿಸಿಕೊಳ್ಳದಿದ್ದರೆ ಆ ಕೆಲಸ ತಾನಾಗಿಯೇ ಆಗಿಹೋಗಿರುತ್ತದೆ.

ಆವತ್ತೂ ಹಾಗೇ, "ಕಂಪ್ಯೂಟರ್ ಯಾಕೋ ತುಂಬಾ ನಿಧಾನ ಆಗಿದೆ" ಎಂದು ಹುರುಳಿಕಾಯಿಗೆ ಹೇಳಿದಳು. ನಾನು ಕೇಳಿಸಿಕೊಂಡೆ. ಅಲ್ಲೇ ಆಗಿದ್ದು ಎಡವಟ್ಟು.

ನಾನು ನಾಗೇಂದ್ರ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಮಷೀನ್ ಶಾಪೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತನಾದವನು. ನನ್ನ ಕೈಕೆಳಗೆ ಲೇತುಗಳು ಗುರುಗುಟ್ಟುವುದನ್ನು ಮರೆತು ಹಸುವಿನಂತೆ ಕೆಲಸ ಮಾಡಿದ್ದವು. ಅಂಥವನು ಹೊಸಹಳ್ಳಿಯ ಮನೆಯಲ್ಲಿ ಬಂದು ಕೂತ ಮೇಲೆ ರಿಪೇರಿಗೆಂದು ಒಂದು ಸ್ಕ್ರೂ ಕೂಡ ಸಿಗಲಿಲ್ಲ. ಕುಸುಮಾ ಎಲ್ಲವನ್ನೂ ಬಿಗಿ ಮಾಡಿಟ್ಟಿದ್ದಳು. (ಸಡಿಲವಾಗಿದ್ದು ನಿಮ್ಮದೊಂದೇ ಎಂದು ಯಾರಾದರೂ ಅಂದರೆ ಅದು ಬರೀ ಹೊಟ್ಟೆಕಿಚ್ಚು.) ಬೆಳಿಗ್ಗೆ ಪೇಪರ್, ಸಂಜೆ ಪಾರ್ಕು, ನಡುವೆ ಆಕಳಿಕೆ. ಹೀಗಿರುವಾಗ ಮನೆಯೊಳಗೇ ಒಂದು ಯಂತ್ರ ಕೆಟ್ಟಿದೆ ಎಂದರೆ ನನಗೆ ಹಬ್ಬದ ಊಟಕ್ಕೆ ಕರೆದಷ್ಟು ಸಂತೋಷವಾಯಿತು.

ಆ ಕಂಪ್ಯೂಟರ್ ಸಾಮಾನ್ಯದ್ದಲ್ಲ. ನಮ್ಮ ಮುಂದಿನ ಕೋಣೆಯಲ್ಲಿ ಕುಸುಮಾಳ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನ್ ಇದೆ. ಅವಳು ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾಳೆ, ಮಷೀನು ಅದನ್ನು ಬ್ಲೌಸಿನ ಮೇಲೆ ಹೊಲಿಯುತ್ತದೆ. ವಿಜಯನಗರ, ಬಸವೇಶ್ವರನಗರದ ಮದುಮಕ್ಕಳೆಲ್ಲ ನಮ್ಮ ಜಗಲಿಯ ಮೇಲೆ ಚಪ್ಪಲಿ ಬಿಟ್ಟು ಹೋದವರೇ. ಈ ಸಲದ ಮದುಮಗಳು ಪಕ್ಕದ ಮನೆಯ ಕೃಷ್ಣಯ್ಯನವರ ಮಗಳು ಅನಘಾ. ಅವಳಿಗೆ ತನ್ನ ತೀರಿಹೋದ ಅಜ್ಜಿಯ ಧಾರೆ ಸೀರೆಯ ಅಂಚು ತನ್ನ ಧಾರೆಯ ಬ್ಲೌಸಿನ ಬೆನ್ನ ಮೇಲೆ ಬರಬೇಕೆಂಬ ಆಸೆ. ಆ ಸೀರೆಯೋ, ಬಿಚ್ಚಿದರೆ ಮಡಿಕೆ ಮಡಿಕೆಯಲ್ಲೂ ಪುಡಿಯಾಗುವ ಸ್ಥಿತಿಯಲ್ಲಿತ್ತು. ಕುಸುಮಾ ಅದನ್ನು ಒಮ್ಮೆ ಮಾತ್ರ ಬಿಚ್ಚಿ, ಭೂತಗನ್ನಡಿ ಹಿಡಿದು, ಎಳೆ ಎಳೆಯನ್ನೂ ನೋಡಿ ನೇರ ಕಂಪ್ಯೂಟರಿನಲ್ಲೇ ಬರೆದುಕೊಂಡಳು. ಸಾಲು ಮಾವಿನಕಾಯಿ, ಅವುಗಳ ನಡುವೆ ಹುಣಿಸೆ ಎಲೆಯಷ್ಟು ಸಣ್ಣ ಎಲೆಗಳ ಬಳ್ಳಿ. ಜನ್ಮವಿಡೀ ಡ್ರಾಯಿಂಗುಗಳ ಗೆರೆ ನೋಡಿದವನು ನಾನು. ಅಷ್ಟು ಖಚಿತವಾದ ಗೆರೆಯನ್ನು ಎಲ್ಲೂ ಕಂಡಿರಲಿಲ್ಲ. ಬೆನ್ನಿನ ಭಾಗ ಮುಗಿದಿತ್ತು, ತೋಳು ಬಾಕಿ ಇತ್ತು. ಇನ್ನೊಮ್ಮೆ ಬಿಚ್ಚಿ ನೋಡಲು ಸೀರೆ ಉಳಿದಿರಲಿಲ್ಲ. ಅನಘಾಳ ಅಜ್ಜಿ ಈಗ ಇದ್ದದ್ದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ.

ಆ ಕಂಪ್ಯೂಟರ್ ಹೀಗೆ ಕೈಕೊಡುತ್ತಿತ್ತು. ಸ್ವಿಚ್ ಹಾಕಿ ಅಕ್ಕಿ ತೊಳೆದು ಕುಕ್ಕರ್ ಇಟ್ಟರೆ, ಅನ್ನವಾಗಿ ಆವಿ ಇಳಿದರೂ ಅದರ ಪರದೆಯ ಮೇಲೆ ಬಳೆಯಂಥದ್ದೊಂದು ಗಿರಗಿರ ಸುತ್ತುತ್ತಲೇ ಇರುತ್ತಿತ್ತು. ಒಳಗಿನಿಂದ ಯಾರೋ ಹಲ್ಲು ಕಡಿದ ಹಾಗೆ ಕಟಕಟ ಸದ್ದು. ಮುಂದಿನ ಪುಟ್ಟ ದೀಪ ರೆಪ್ಪೆ ಮಿಟುಕಿಸದೆ ಉರಿಯುತ್ತಿತ್ತು.

"ಯೋಗಾನಂದನ್ನ ಒಂದು ಮಾತು ಕೇಳೋಣ್ವಾ?" ಎಂದಳು ಕುಸುಮಾ.

ಯೋಗಾನಂದ ನನ್ನ ಷಡ್ಡಕ. ಕುಸುಮಾಳ ತಂಗಿಯ ಗಂಡ, ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಒಳ್ಳೆಯವನೇ. ಆದರೆ ಷಡ್ಡಕರ ಸಂಬಂಧ ನಿಮಗೆ ಗೊತ್ತಲ್ಲ. ಮಾವನ ಮನೆಯಲ್ಲಿ ಅಕ್ಕಪಕ್ಕ ಕೂತು, ಯಾರ ಎಲೆಗೆ ಮೊದಲು ತುಪ್ಪ ಬಿತ್ತು ಎಂದು ಓರೆಗಣ್ಣಲ್ಲಿ ನೋಡುವ ಸಂಬಂಧ. ಅವನು ಬಂದು ನಮ್ಮ ಕಂಪ್ಯೂಟರ್ ಸರಿ ಮಾಡಿ, ಕಾಫಿ ಕುಡಿದು, "ಏನಿಲ್ಲ ಭಾವ, ಸಣ್ಣ ಪ್ರಾಬ್ಲಂ" ಎಂದು ಹೋದರೆ ನಾನು ಉಳಿದ ಆಯಸ್ಸನ್ನು ಯಾವ ಮುಖ ಇಟ್ಟುಕೊಂಡು ಕಳೆಯಲಿ? ಯಂತ್ರ ಯಾವುದಾದರೇನು, ತಿರುಗುವುದೆಲ್ಲ ಒಂದೇ ಜಾತಿ, ಅವನನ್ನು ಕರೆದರೆ ನನ್ನ ಮೇಲೆ ಆಣೆ ಎಂದೆ. ಕುಸುಮಾ ಸುಮ್ಮನಾದಳು. ಅವಳು ಸುಮ್ಮನಾದಾಗ ಒಪ್ಪಿದಳು ಎಂದು ತಿಳಿಯುವುದು ನನ್ನ ಹಳೆಯ ಅಭ್ಯಾಸ.

ಸಿಪಿಯು ಡಬ್ಬದ ಮುಚ್ಚಳ ತೆಗೆದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹಾರ್ಡ್ ಡಿಸ್ಕಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ಇದು ನಮ್ಮ ಶಾಪಿನ ನಾಡಿಪರೀಕ್ಷೆ. ಯಾವ ಬೇರಿಂಗು ಹೋಗಿದೆ, ಯಾವುದು ಇನ್ನೊಂದು ವಾರದಲ್ಲಿ ಹೋಗುತ್ತದೆ ಎಂದು ನಾನು ಹೀಗೆ ಹೇಳಿದ್ದು ಒಮ್ಮೆಯೂ ತಪ್ಪಿಲ್ಲ. ಒಣಗಿದ ಬೇರಿಂಗಿನ ಸದ್ದು ಸ್ಪಷ್ಟವಾಗಿ ಕೇಳಿಸಿತು. ಹೊಲಿಗೆ ಮಷೀನಿನ ಎಣ್ಣೆ ಬಾಟಲಿ ಅಲ್ಲೇ ಇತ್ತು. ಮೂತಿಯನ್ನು ಡಿಸ್ಕಿನ ಸಂದಿಗೆ ಹಿಡಿದೆ.

"ಏನು ಮಾಡ್ತಾ ಇದೀರಿ?" ಕುಸುಮಾ ಬಾಗಿಲಲ್ಲಿ ನಿಂತಿದ್ದಳು.

"ಬೇರಿಂಗ್ ಒಣಗಿದೆ ಕಣೇ. ಎರಡು ತೊಟ್ಟು ಬಿಟ್ರೆ ಹೂವಿನ ಹಾಗೆ ತಿರುಗುತ್ತೆ."

"ಅದರೊಳಗೆ ಅನಘಾ ಮದುವೆ ಇದೆ ರೀ" ಎಂದಳು. ಅಷ್ಟೇ. ಬಾಟಲಿ ಅವಳ ಕೈಗೆ ಹೋಯಿತು. ಅದನ್ನು ಆಮೇಲೆ ನಾನು ಈ ಮನೆಯಲ್ಲಿ ನೋಡಿಲ್ಲ.

ಆಮೇಲೆ ಒಂದು ಒಪ್ಪಂದವಾಯಿತು. ನಾನು ಹೊರಗಿನಿಂದ ಏನು ಬೇಕಾದರೂ ಮಾಡಬಹುದು, ಆದರೆ ಡಿಸ್ಕನ್ನು ಮುಟ್ಟುವಂತಿಲ್ಲ, ಕಂಪ್ಯೂಟರನ್ನು ಆಫ್ ಮಾಡುವಂತಿಲ್ಲ. ಅದೇ ಮಧ್ಯಾಹ್ನ ಅವಳು ದಾರ ತರುತ್ತೇನೆಂದು ಹೊರಗೆ ಹೋಗಿಬಂದಳು. ಕಂಪ್ಯೂಟರಿನ ಹಿಂದೆ ಬ್ಲೌಸ್ ಪೀಸುಗಳ ಬುಟ್ಟಿಯೊಂದು ಬಂದು ಕೂತಿತು. ಬುಟ್ಟಿ ಯಾಕೆ ಅಲ್ಲಿಟ್ಟೆ ಎಂದಿದ್ದಕ್ಕೆ, ಜಾಗ ಇಲ್ಲವಲ್ಲ ಎಂದಳು. ನಮ್ಮ ಮನೆಯಲ್ಲಿ ಜಾಗ ಇಲ್ಲದಿರುವುದು ನಿಜವೇ.

ಎಣ್ಣೆ ಹೋದರೇನು, ನನ್ನ ಬತ್ತಳಿಕೆ ಬರಿದಾಗಿರಲಿಲ್ಲ. ಮೊದಲ ಅಸ್ತ್ರವಾಗಿ ಸೈಕಲ್ ಪಂಪಿನಿಂದ ಧೂಳು ಊದಿದೆ. ಧೂಳು ಕಂಪ್ಯೂಟರಿನಿಂದ ಹೊರಟು ಒಣಹಾಕಿದ್ದ ಹಪ್ಪಳಗಳ ಮೇಲೆ ಇಳಿಯಿತು. ಕಂಪ್ಯೂಟರ್ ಇದ್ದ ಹಾಗೇ ಇತ್ತು. ಹಾಗೇ ಅಂದರೆ ತಪ್ಪಾಗುತ್ತದೆ, ಮೊದಲಿಗಿಂತ ನಿಧಾನವಾಗಿತ್ತು. ಆಮೇಲೆ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ನಾನು ಬೆವರುತ್ತಾ ಕೂತೆ. ಇನ್ನೂ ನಿಧಾನವಾಯಿತು. ನಾನು ಮುಟ್ಟಿದಷ್ಟೂ ಅದು ಕುಸಿಯುತ್ತಿತ್ತು. ಕುಸುಮಾ ಮಾತ್ರ ಆಗಾಗ ಬಂದು ಪರದೆಯ ಮೂಲೆಯಲ್ಲಿ ಏನನ್ನೋ ನೋಡಿ ಹೋಗುತ್ತಿದ್ದಳು. ಮದುವೆ ಹತ್ತಿರ ಬರುತ್ತಿತ್ತು, ತೋಳಿನ ಬಳ್ಳಿ ಇನ್ನೂ ಅರ್ಧವಾಗಿತ್ತು. ಬೇರೆ ಹೆಂಗಸಾಗಿದ್ದರೆ ನನ್ನನ್ನು ಸ್ಕ್ರೂಡ್ರೈವರ್ ಸಮೇತ ಬೀದಿಗೆ ತಳ್ಳುತ್ತಿದ್ದಳು. ಇವಳು ನನಗೆ ಕಾಫಿ ಕೊಟ್ಟಳು. ಅವಳ ತಾಳ್ಮೆಗೆ ನನ್ನಲ್ಲಿ ಆಗಲೂ ಗೌರವವಿತ್ತು, ಕಾರಣ ಗೊತ್ತಿರಲಿಲ್ಲ ಅಷ್ಟೇ.

ಆಮೇಲೆ ನನಗೆ ಮೆಟ್ರೋ ಮೇಲೆ ಅನುಮಾನ ಬಂತು. ನಮ್ಮ ಮನೆಯಿಂದ ನೋಡಿದರೆ ರೈಲು ಹೋಗುವುದು ಕಾಣುತ್ತದೆ. ಅದರ ಅದುರಾಟಕ್ಕೆ ಡಿಸ್ಕಿನೊಳಗೆ ಓದುವ ಮುಳ್ಳು ನಡುಗುತ್ತಿರಬೇಕು ಎಂದುಕೊಂಡು, ಲೋಟದ ತುಂಬ ನೀರು ತುಂಬಿ ಟೇಬಲ್ ಮೇಲಿಟ್ಟು ಕಾದೆ. ರೈಲು ಹೋಯಿತು, ಇನ್ನೊಂದು ಬಂತು. ಪಾಪ, ನೀರು ಅಲುಗಲೇ ಇಲ್ಲ. ಆದರೆ ಲೋಟದ ಅಂಚಿನ ಒಂದು ಕಡೆ ನೀರು ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ ನಿಂತಿತ್ತು.

ಟೇಬಲ್ ಓರೆ. ಟೇಬಲ್ ಓರೆ ಅಂದಮೇಲೆ ಡಿಸ್ಕೂ ಓರೆ. ನನ್ನ ಮೈ ಜುಮ್ಮೆಂದಿತು. ಹೊಸ ಲೇತು ಬಂದರೆ ನಾವು ಮೊದಲು ಮಾಡುವುದೇನು? ಅದರ ಕಾಲಡಿಗೆ ತಗಡಿನ ಚೂರು ಸಿಕ್ಕಿಸಿ, ಅಂದರೆ ಪ್ಯಾಕಿಂಗ್ ಕೊಟ್ಟು, ಲೆವೆಲ್ ಮಾಡುವುದು. ಓರೆಯಾಗಿ ಕೂತ ಯಂತ್ರ ಒಂದು ಪಕ್ಕಕ್ಕೆ ಎಳೆಯುತ್ತದೆ, ತೇಕುತ್ತದೆ, ಸದ್ದು ಮಾಡುತ್ತದೆ. ಬ್ಯಾಂಕಿನ ಹವಾನಿಯಂತ್ರಿತ ಕೋಣೆಯಲ್ಲಿ ಕೂತ ಷಡ್ಡಕರಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು.

ಒಳ್ಳೆಯ ಸ್ಪಿರಿಟ್ ಲೆವೆಲ್, ಅಂದರೆ ಗಾರೆಯವರು ರಸಮಟ್ಟ ಅನ್ನುತ್ತಾರಲ್ಲ, ಅದು ಬೇಕಿತ್ತು. ನನ್ನ ಕೈಕೆಳಗೆ ಲೇತು ಕಲಿತ ರೇವಣಸಿದ್ದ ಈಗ ಲಗ್ಗೆರೆಯಲ್ಲಿ ಸ್ವಂತ ಶಾಪು ಇಟ್ಟಿದ್ದಾನೆ. ಅವನ ಹತ್ತಿರ ಹೋಗಿಬರುತ್ತೇನೆ ಎಂದೆ. ಕುಸುಮಾಳ ಮುಖ ಅರಳಿತು. "ಹೋಗಿಬನ್ನಿ. ಅವಸರ ಏನಿಲ್ಲ, ಊಟ ಮಾಡು ಅಂದ್ರೆ ಮಾಡ್ಕೊಂಡೇ ಬನ್ನಿ" ಎಂದಳು. ನನ್ನ ವಿದ್ಯೆಗೆ ಮನೆಯಲ್ಲಿ ಕೊನೆಗೂ ಬೆಲೆ ಬಂತು ಎಂದು ಎದೆಯುಬ್ಬಿಸಿಕೊಂಡು ಬಸ್ ಹತ್ತಿದೆ. ರೇವಣಸಿದ್ದ ಸಾರ್ ಸಾರ್ ಎಂದು ಕೂರಿಸಿ ಕಾಫಿ ತರಿಸಿದ. ಊಟ ಹಾಕಿಸಿದ. ಎಣ್ಣೆಯ ಬಟ್ಟೆಯಲ್ಲಿ ಸುತ್ತಿದ್ದ ಲೆವೆಲ್ಲನ್ನು ಮಗುವನ್ನು ಕೊಟ್ಟ ಹಾಗೆ ಕೊಟ್ಟ.

ಮಧ್ಯಾಹ್ನ ಇಳಿದ ಮೇಲೆ ಮನೆಗೆ ಬಂದರೆ ಕುಸುಮಾ ಟೇಬಲ್ ಒರೆಸಿ, ಬುಟ್ಟಿ ಎತ್ತಿಟ್ಟು, ಡಬ್ಬದ ಮುಚ್ಚಳವನ್ನೂ ಹಾಕಿ ಸಿದ್ಧಳಾಗಿದ್ದಳು. "ಈಗ ಇಡಿ ನಿಮ್ಮ ಲೆವೆಲ್" ಎಂದಳು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಡಬ್ಬದ ಅಡಿಗೆ ಪ್ಯಾಕಿಂಗ್ ಕೊಟ್ಟೆ. ಒಂದು ಪತ್ರಿಕೆ ಸೇರಿಸುವುದು, ಲೆವೆಲ್ಲಿನ ಗಾಜಿನೊಳಗಿನ ಗುಳ್ಳೆ ನೋಡುವುದು, ಅರ್ಧ ಪತ್ರಿಕೆ ತೆಗೆಯುವುದು. ಕೊನೆಗೆ ಗುಳ್ಳೆ ಎರಡು ಗೆರೆಗಳ ಮಧ್ಯೆ ಬಂದು ನಿಂತಿತು. ಸ್ವಿಚ್ ಹಾಕಿದೆ.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪರದೆ ಬೆಳಗಿತು. ಬಳೆ ಸುತ್ತಲಿಲ್ಲ. ಡಬ್ಬದ ಮೈಗೆ ಸ್ಕ್ರೂಡ್ರೈವರ್ ಇಟ್ಟು ಕಿವಿಗೊಟ್ಟೆ. ಕಟಕಟ ಇಲ್ಲ. ಬೇರಿಂಗು ತಿರುಗುವ ಸದ್ದು ಕೂಡ ಇಲ್ಲ. ನನ್ನ ಇಡೀ ಸರ್ವಿಸಿನಲ್ಲಿ ಯಾವ ಯಂತ್ರವೂ ಅಷ್ಟು ನಿಶ್ಶಬ್ದವಾಗಿ ತಿರುಗಿದ್ದನ್ನು ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ನೋಡಿದ್ಯಾ?" ಎಂದೆ.

"ನೋಡ್ದೆ. ತುಂಬಾ ಚೆನ್ನಾಗಾಯ್ತು" ಎಂದು ಕೂತವಳು ಅದೇ ಸಂಜೆ ತೋಳಿನ ಬಳ್ಳಿ ಮುಗಿಸಿದಳು. ಮಷೀನು ಹೊಲಿಯತೊಡಗಿದಾಗ ಕೆಂಪು ರೇಷ್ಮೆಯ ಮೇಲೆ ಅಜ್ಜಿಯ ಮಾವಿನಕಾಯಿಗಳು ಒಂದೊಂದಾಗಿ ಎದ್ದು ಬಂದವು. ಅನಘಾ ಓಡಿಬಂದು ನೋಡಿ, ಕುಸುಮಾಳ ಕೈ ಹಿಡಿದುಕೊಂಡಳು. ನಾನು ಹಿಂದೆ ಲೆವೆಲ್ ಹಿಡಿದು ನಿಂತಿದ್ದೆ. ಅದನ್ನು ಯಾರೂ ಗಮನಿಸಲಿಲ್ಲ, ಹಾಗಾಗಿ ನಾನೇ ಹೇಳಬೇಕಾಯಿತು.

ಹೇಳಿದೆ. ಹಾಲಿನ ಬೂತಿನಲ್ಲಿ ಹೇಳಿದೆ, ಪಾರ್ಕಿನಲ್ಲಿ ಹೇಳಿದೆ, ಇಸ್ತ್ರಿಯವನಿಗೆ ಎರಡು ಸಲ ಹೇಳಿದೆ. ಯೋಗಾನಂದನಿಗೆ ಫೋನ್ ಮಾಡಿ ಸವಿಸ್ತಾರವಾಗಿ ಹೇಳಿದೆ. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. ಆಮೇಲೆ "ಒಳ್ಳೇದಾಯ್ತು ಭಾವ" ಎಂದ. ಸೋತವನ ದನಿ ಹಾಗೇ ಇರುತ್ತದೆ ಎಂದು ನನಗೆ ಅವನ ಮೇಲೆ ಕನಿಕರವೂ ಬಂತು.

ಕೃಷ್ಣಯ್ಯನವರಂತೂ ಬೆರಗಾಗಿ, ತಮ್ಮ ಮನೆಯ ಕಂಪ್ಯೂಟರೂ ಆಮೆಯಾಗಿದೆ, ಒಂದು ಸಲ ಕೈ ಹಾಕಬೇಕು ಎಂದು ಕರೆದೊಯ್ದರು. ನಾನು ಪ್ಯಾಕಿಂಗ್ ಕೊಟ್ಟೆ, ಗುಳ್ಳೆ ಮಧ್ಯಕ್ಕೆ ಬಂತು. ಕಂಪ್ಯೂಟರ್ ಮಾತ್ರ ಆಮೆಯಾಗಿಯೇ ಉಳಿಯಿತು. ವಿದ್ಯೆಯಲ್ಲಿ ದೋಷವಿಲ್ಲ, ಆದ್ದರಿಂದ ನೆಲದಲ್ಲಿ ಇರಬೇಕು. ಕೋಣೆಯ ತುಂಬ ಲೆವೆಲ್ ಇಟ್ಟು ನೋಡಿದೆ. ನೆಲ ಒಂದು ಮೂಲೆಗೆ ವಾಟವಾಗಿತ್ತು. ನೆಲ ಸರಿ ಮಾಡಿಸದೆ ಏನೂ ಆಗುವುದಿಲ್ಲ ಎಂದು ಗಂಭೀರವಾಗಿ ತೀರ್ಪು ಕೊಟ್ಟು ಬಂದೆ. ದೊಡ್ಡವರು ಕೊಟ್ಟ ತೀರ್ಪನ್ನು ಕೇಳಿ ತಲೆಯಾಡಿಸಿ ಮರೆತುಬಿಡುವುದು ಲೋಕದ ರೂಢಿ. ಕೃಷ್ಣಯ್ಯ ಮರೆಯುವ ಜಾತಿಯವರಲ್ಲ ಎಂಬುದು ಅವರ ಗೇಟಿನ ಮುಂದೆ ಮರಳು ಬಂದು ಬಿದ್ದಾಗ ಗೊತ್ತಾಯಿತು.

ಮದುವೆ ವಿಜಯನಗರದ ಛತ್ರದಲ್ಲಿ. ಧಾರೆಯ ಹೊತ್ತಿಗೆ ಅನಘಾ ಮಂಟಪದಲ್ಲಿ ನಿಂತಾಗ ಹೆಂಗಸರೆಲ್ಲ ಎದುರಿನ ಕುರ್ಚಿ ಬಿಟ್ಟು ಮದುಮಗಳ ಬೆನ್ನ ಹಿಂದೆ ಹೋಗಿ ನಿಂತರು. ಅನಘಾಳ ಅಮ್ಮ ಆ ಅಂಚಿನ ಮೇಲೆ ಕೈಯಿಟ್ಟು ಅತ್ತರು. ಅದು ಅವರ ತಾಯಿಯ ಸೀರೆ. ಕುಸುಮಾ ಕಂಬದ ಪಕ್ಕ ನಿಂತು ಅಕ್ಷತೆ ಹಿಡಿದುಕೊಂಡಿದ್ದಳು. ಅಷ್ಟು ಜನರ ನಡುವೆ ನನ್ನ ಹೆಂಡತಿ ನನಗೆ ರಾಣಿಯಂತೆ ಕಂಡಳು. ಇದರಲ್ಲಿ ಅರ್ಧ ಕೀರ್ತಿ ನನ್ನದೂ ಹೌದಲ್ಲ ಎಂಬ ಸಮಾಧಾನ ಬೇರೆ.

ನಮ್ಮ ನೆಂಟನೆಂದು ಯೋಗಾನಂದನಿಗೂ ಕರೆಯಿತ್ತು; ಊಟಕ್ಕೆ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಸಿಕ್ಕಿದ. ಕೋಸಂಬರಿಯಿಂದ ಶುರುಮಾಡಿ ಚಿತ್ರಾನ್ನದವರೆಗೆ ಅವನಿಗೆ ಲೆವೆಲ್ಲಿನ ತತ್ವ ತಿಳಿಸಿದೆ. ನಿಮ್ಮ ಬ್ಯಾಂಕಿನ ಕಂಪ್ಯೂಟರುಗಳಿಗೂ ಪ್ಯಾಕಿಂಗ್ ಕೊಡಿಸು, ನಾನೇ ಬಂದು ತೋರಿಸುತ್ತೇನೆ ಎಂದೆ. ಅವನು ಹಪ್ಪಳ ಮುರಿಯುತ್ತಾ ಎಲೆ ನೋಡುತ್ತಿದ್ದ. ಅಷ್ಟರಲ್ಲಿ ಕೃಷ್ಣಯ್ಯ ಉಪಚಾರ ಹೇಳುತ್ತಾ ಬಂದರು.

"ನಾಗೇಂದ್ರ ಅವರೇ, ನಿಧಾನವಾಗಿ ಊಟ ಮಾಡಿ. ನಾಳೆ ಬೆಳಿಗ್ಗೆ ಗಾರೆ ಮೇಸ್ತ್ರಿ ಬರ್ತಾನೆ. ಇಡೀ ರೂಮಿನ ನೆಲ ಒಡೆಸ್ತಾ ಇದೀನಿ. ನೀವು ನಿಂತು ಲೆವೆಲ್ ನೋಡ್ಕೊಡಬೇಕು."

ಯೋಗಾನಂದನ ಕೈಯಿಂದ ಹಪ್ಪಳ ಬಿತ್ತು. "ಭಾವ, ತಪ್ಪು ತಿಳ್ಕೋಬೇಡಿ" ಎಂದ. "ಅಕ್ಕ ಹೇಳ್ಬೇಡ ಅಂದಿದ್ರು. ಆದ್ರೆ ಸುಮ್ನೆ ಇದ್ರೆ ಇವರ ನೆಲ ಹೋಗುತ್ತೆ."

ಆಮೇಲೆ ಅವನು ಹೇಳಿದ್ದನ್ನು ಇಡೀ ಸಾಲು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿತು. ನಾನು ಎಣ್ಣೆ ಬಾಟಲಿ ಎತ್ತಿದ ದಿನವೇ ಕುಸುಮಾ ಅವನಿಗೆ ಫೋನ್ ಮಾಡಿದ್ದಳು. ಹಳೆಯ ಡಿಸ್ಕು ಸಾಯುತ್ತಾ ಬಂದಿದೆ, ಏನೂ ಮಾಡುವ ಮೊದಲು ಒಳಗಿರುವುದನ್ನೆಲ್ಲ ಹೊಸದಕ್ಕೆ ಇಳಿಸಿಕೊಳ್ಳಿ ಎಂದು ಅವನು ಹೇಳಿದ. ಅವಳಿಗೆ ಅದು ಕೂಡಲೇ ಅರ್ಥವಾಯಿತು. ತಡವಾಗಿ ಬರುವವರಿಗೆ ಬಡಿಸುವ ಮುಂಚೆಯೇ ಎತ್ತಿಡುತ್ತೇವಲ್ಲ, ಹಾಗೇ ತಾನೇ ಎಂದಳಂತೆ. ಆ ಬುಟ್ಟಿಯ ಬ್ಲೌಸ್ ಪೀಸುಗಳ ಅಡಿಯಲ್ಲಿ, ದಾರದ ನೆವದಲ್ಲಿ ತಂದು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದ್ದ ಹೊಸ ಡಿಸ್ಕು ಇತ್ತು. ಸಾಯುವ ಡಿಸ್ಕಿನಿಂದ ಒಂದೊಂದೇ ಚಿತ್ತಾರ ಅದಕ್ಕೆ ಇಳಿಯುತ್ತಿದ್ದುದರಿಂದ ಕಂಪ್ಯೂಟರ್ ಅಷ್ಟು ದಿನ ಮೊದಲಿಗಿಂತ ಹೆಚ್ಚು ತೇಕಿತ್ತು. ನಾನು ಲಗ್ಗೆರೆಯಲ್ಲಿ ಊಟ ಮಾಡುತ್ತಿದ್ದಾಗ ಅವಳು ನನ್ನದೇ ಸ್ಕ್ರೂಡ್ರೈವರಿನಿಂದ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದ್ದಳು. ಈ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವುದು ಎಂಬುದೇ ಇಲ್ಲವಂತೆ. ಸದ್ದೂ ಇಲ್ಲ, ಬೇರಿಂಗೂ ಇಲ್ಲ.

"ನೆಟ್ಟಗಿಟ್ರೂ ಓಡುತ್ತೆ, ತಲೆಕೆಳಗಿಟ್ರೂ ಓಡುತ್ತೆ ಭಾವ" ಎಂದು ಮುಗಿಸಿದ.

ಎದ್ದು ಹೋಗೋಣವೆಂದರೆ ಪಂಕ್ತಿಯ ಮಧ್ಯೆ ಏಳುವಂತಿಲ್ಲ. ಹಿರಿಯರೊಬ್ಬರು ಆಗಷ್ಟೇ ಅನ್ನಕ್ಕೆ ಮಜ್ಜಿಗೆ ಕೇಳಿದ್ದರು, ಅವರು ಮುಗಿಸುವ ಲಕ್ಷಣವಿರಲಿಲ್ಲ. ಬಡಿಸುವವನು ನನ್ನ ಮುಖ ನೋಡಿ ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿದ. ಆಚೆ ಸಾಲಿನವರಿಗೆ ಈಚೆ ಸಾಲಿನವರು ಸುದ್ದಿ ದಾಟಿಸುವುದನ್ನು ನೋಡುತ್ತಾ ಅದನ್ನೂ ತಿಂದೆ. ಕೃಷ್ಣಯ್ಯ ಒಳ್ಳೆಯವರು, ನಗಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಲು ಆಚೆ ಹೋದರು.

ಕೈ ತೊಳೆದು ಬಂದರೆ ಕುಸುಮಾ ಬೀಡದ ತಟ್ಟೆಯ ಹತ್ತಿರ ನಿಂತಿದ್ದಳು. ಸುದ್ದಿ ಅವಳಿಗೂ ತಲುಪಿತ್ತು.

"ಯಾಕೆ ಹೇಳ್ಲಿಲ್ಲ ನಂಗೆ?" ಎಂದೆ.

"ಹೇಳಿದ್ರೆ ಅದನ್ನೂ ರಿಪೇರಿ ಮಾಡ್ತಿದ್ರಿ" ಎಂದಳು. ಆಮೇಲೆ ಎಲೆಗೆ ಸುಣ್ಣ ಸವರುತ್ತಾ, ಎಲೆಗೇ ಹೇಳುವ ಹಾಗೆ, "ರಿಟೈರ್ ಆದಮೇಲೆ ನೀವು ಅಷ್ಟು ಖುಷಿಯಾಗಿದ್ದಿದ್ದು ಅದೇ ಮೊದಲು. ನಂಗೂ ನೋಡ್ಬೇಕು ಅನ್ನಿಸ್ತು" ಎಂದಳು.

ಜಗಳಕ್ಕೆಂದು ಸಿದ್ಧ ಮಾಡಿಕೊಂಡಿದ್ದ ಮಾತುಗಳನ್ನು ಬಿಟ್ಟು ಬೀಡಕ್ಕೆ ಕೈ ಚಾಚಿದೆ. ಈ ಹೆಂಗಸು ಒಂದು ಮದುವೆ ಉಳಿಸಿದಳು, ಒಬ್ಬ ಅಜ್ಜಿಯನ್ನು ಉಳಿಸಿದಳು, ಎಲ್ಲದರ ನಡುವೆ ಒಬ್ಬ ನಿವೃತ್ತ ಫೋರ್‌ಮನ್ನನ ಖುಷಿಯನ್ನೂ ಕೆಡದ ಹಾಗೆ ಎತ್ತಿಟ್ಟಿದ್ದಳು. ಅವಳು ಮಡಿಚಿ ಕೊಟ್ಟ ಬೀಡವನ್ನು ಬಾಯಿಗೆ ಹಾಕಿಕೊಂಡು, ನೀನು ದೊಡ್ಡವಳು ಕಣೇ ಎಂದೆ. ಬಾಯಿ ತುಂಬಿದ್ದರಿಂದ ಅವಳಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ.

ಮದುವೆಯ ನೆಂಟರೆಲ್ಲ ಹೋದ ಮೇಲೆ ಕೃಷ್ಣಯ್ಯ ಬಂದರು. ನನಗೆ ನಮಸ್ಕಾರ ಮಾಡಿ, ನನ್ನನ್ನು ದಾಟಿಕೊಂಡು ಒಳಗೆ ಹೋಗಿ, "ಕುಸುಮಮ್ಮ, ನಮ್ಮ ಕಂಪ್ಯೂಟರ್ ಒಂದು ಸಲ ನೋಡ್ತೀರಾ?" ಎಂದು ಕೇಳಿದರು. ಕುಸುಮಾ ಸೆರಗು ಸಿಕ್ಕಿಸಿಕೊಂಡು ಹೊರಟಳು. "ನೀವೂ ಬನ್ನಿ" ಎಂದು ನನ್ನನ್ನೂ ಕರೆದಳು. ಮರಳಿನ ಗುಡ್ಡೆ ಬಳಸಿಕೊಂಡು ಇಬ್ಬರೂ ಹೋದೆವು.

ಅವಳು ಟೇಬಲ್ಲಿನಡಿ ಕೂತು ಡಬ್ಬ ಬಿಚ್ಚಿದಳು. ನನಗೆ ಮೊಬೈಲಿನ ಟಾರ್ಚ್ ಹಿಡಿಯುವ ಕೆಲಸ ಸಿಕ್ಕಿತು. ಸೂಜಿಗೆ ದಾರ ಪೋಣಿಸುವ ಬೆರಳುಗಳು ಒಂದು ತಂತಿಯನ್ನೂ ನೋಯಿಸದೆ ಒಳಗೆ ಹೋದವು. ನನ್ನ ಶಾಪಿನಲ್ಲಿ ಇಂಥ ಕೈಯಿನ ಒಬ್ಬ ಫಿಟ್ಟರ್ ಇದ್ದಿದ್ದರೆ ಎಂದು ನೋಡುತ್ತಾ ನಾನು ಇನ್ನಷ್ಟು ಬಗ್ಗಿದೆ. ಕೃಷ್ಣಯ್ಯ, ಅವರ ಹೆಂಡತಿ, ತವರಿಗೆ ಬಂದಿದ್ದ ಮದುಮಗಳು, ಹೊಸ ಅಳಿಯ ಎಲ್ಲರೂ ಸುತ್ತ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

"ರೀ, ನಿಮ್ಮ ತಲೆ ಅಡ್ಡ ಬರ್ತಾ ಇದೆ" ಎಂದಳು ಕುಸುಮಾ.

ತಲೆ ತೆಗೆದೆ.

"ಹಾಂ, ಈಗ ಎಲ್ಲ ಸರಿಯಾಗಿ ಕಾಣುತ್ತೆ" ಎಂದಳು.